ಎವೇಲಿಯೋನ ನೀಲಿ ನೀರು

ಕಾಮಗ್ವೇಯ ಪಟ್ಟಣದ ಆ ಓಣಿಯಲ್ಲಿ ಯಾರ ಮನೆಯ ಬಾಗಿಲು ಬಿಗಿಯಾದರೂ, ಯಾರ ನಾಯಿಗೆ ಉಣ್ಣಿ ಹತ್ತಿದರೂ ಜನ ಬಂದು ನಿಲ್ಲುತ್ತಿದ್ದುದು ಎವೇಲಿಯೋನ ಮನೆಯ ಮುಂದೆ. ಅವನು ರೈಲ್ವೆ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವನು. ಕೇಳಿದವರಿಗೆ ಇಲ್ಲ ಎನ್ನುತ್ತಿರಲಿಲ್ಲ. ಆದರೆ ಬಾಗಿಲಿನ ಚಿಲಕದ ಸರಪಳಿಯನ್ನು ತೆಗೆಯದೆ, ಅಂಗೈಯಗಲದ ಸಂದಿನಿಂದಲೇ ಮಾತನಾಡುತ್ತಿದ್ದ.

"ಉಣ್ಣಿಗೆ ಎಣ್ಣೆ ಗಿಣ್ಣೆ ಹಚ್ಬೇಡ. ಚಿಮಟದಲ್ಲಿ ಚರ್ಮದ ಹತ್ರಾನೇ ಹಿಡ್ಕೊಂಡು ನೆಟ್ಟಗೆ ಎಳಿ. ತಿರುಚಿದ್ರೆ ತಲೆ ಒಳಗೇ ಉಳ್ಕೊಳ್ಳತ್ತೆ. ಅದ್ಸರಿ, ನಿಮ್ಮ ಭಾವನ ಹತ್ರ ಚಿಮಟ ಇತ್ತಲ್ಲ? ನನ್ನ ಹತ್ರ ಯಾಕೆ ಬಂದೆ?"

"ಬಾಗಿಲಿನ ಅಂಚಿಗೆ ಮೇಣದಬತ್ತಿ ತಿಕ್ಕು. ಕೆತ್ತೋಕೆ ಹೋಗ್ಬೇಡ, ಮಳೆ ನಿಂತ ಮೇಲೆ ಮರ ತಾನೇ ಕುಗ್ಗತ್ತೆ. ಆದ್ರೆ ಇಷ್ಟು ದಿನ ಇಲ್ಲದ್ದು ಈಗ್ಯಾಕೆ ಬಾಗಿಲು ಭದ್ರ ಮಾಡ್ಕೋತಿದೀಯ?"

ಸಲಹೆಯ ಬಾಲಕ್ಕೆ ಹೀಗೊಂದು ಅನುಮಾನ ಇದ್ದೇ ಇರುತ್ತಿತ್ತು. ಓಣಿಯವರು ಸಲಹೆ ತೆಗೆದುಕೊಂಡು, ಅನುಮಾನವನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು.

ಅವನು ಹುಟ್ಟಿನಿಂದ ಹೀಗಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅವನ ಮನೆಗೆ ಸೂರು ಹಾಕಿದ ಬಡಗಿಯೊಬ್ಬ ಒಳ್ಳೆಯ ದೇವದಾರು ತೊಲೆಗಳನ್ನು ತೋರಿಸಿ, ಹುಳ ತಿಂದ ತೊಲೆಗಳಿಗೆ ಬಣ್ಣ ಬಳಿದು ಏರಿಸಿದ್ದ. ಮೂರನೆಯ ವರ್ಷ ಒಂದು ತೊಲೆ ಮುರಿದು, ಮಗಳು ಮಾಗ್ದಾ ಮಲಗಿದ್ದ ಹಾಸಿಗೆಯ ಪಕ್ಕದಲ್ಲೇ ಬಿತ್ತು. ಮಗುವಿಗೆ ಏನೂ ಆಗಲಿಲ್ಲ. ಆದರೆ ಅಂದಿನಿಂದ ಎವೇಲಿಯೋ ತನ್ನ ಮನೆಯ ಒಂದು ಮೊಳೆಯನ್ನೂ ಪರರ ಕೈಯಲ್ಲಿ ಹೊಡೆಸಲಿಲ್ಲ. ಸೂರು, ತಂತಿ, ಪೈಪು, ಕೋಳಿಗೂಡು ಎಲ್ಲವನ್ನೂ ತಾನೇ ಮಾಡಿಕೊಂಡ. ಹೆಂಡತಿ ತೀರಿಕೊಂಡು, ಮಾಗ್ದಾ ಮದುವೆಯಾಗಿ ಒಲ್ಗೀನ್ ಎಂಬ ಊರಿಗೆ ಹೋದ ಮೇಲೆ ಕನೇಲಾ ಎಂಬ ಕಂದು ನಾಯಿ, ಆರು ಕೋಳಿ, ಒಂದು ಉಪಕರಣಗಳ ಪೆಟ್ಟಿಗೆ, ಇಷ್ಟೇ ಅವನ ಸಂಸಾರ.

ಆ ವರ್ಷ ಮಾರ್ಚ್‌ನಲ್ಲಿ ಅವನ ಟ್ಯಾಂಕಿಯ ನೀರು ಮಾಯವಾಗತೊಡಗಿತು.

ನಲ್ಲಿಯಲ್ಲಿ ಮೂರು ದಿನಕ್ಕೊಮ್ಮೆ ನೀರು. ಮಾಳಿಗೆಯ ಮೇಲಿನ ಟ್ಯಾಂಕಿ ಒಂದು ಸಲ ತುಂಬಿದರೆ ಒಬ್ಬ ಮನುಷ್ಯನಿಗೆ, ಅವನ ನಾಯಿ ಕೋಳಿಗಳಿಗೆ ಧಾರಾಳವಾಗಿ ಸಾಕು. ಈಗ ನೋಡಿದರೆ ಎರಡನೆಯ ದಿನದ ಮಧ್ಯಾಹ್ನಕ್ಕೇ ತಳ ಕಾಣುತ್ತಿತ್ತು. ಎವೇಲಿಯೋ ಒಂದೊಂದೇ ನಲ್ಲಿಯ ಕೆಳಗೆ ಒಣ ಕಾಗದ ಹಾಸಿ ನೋಡಿದ. ಒಂದು ಹನಿಯೂ ಇಲ್ಲ. ಕಕ್ಕಸಿನ ಫ್ಲಶ್ ತೊಟ್ಟಿಗೆ ಬಟ್ಟೆಗೆ ಹಾಕುವ ನೀಲಿಯನ್ನು ಚಿಟಿಕೆ ಹಾಕಿ, ಅರ್ಧ ಗಂಟೆ ಕಾದು ಇಣುಕಿದ. ಕೆಳಗಿನ ಗುಂಡಿಯ ನೀರು ತಿಳಿಯಾಗಿಯೇ ಇತ್ತು. ಅಲ್ಲೂ ಸೋರಿಕೆಯಿಲ್ಲ. ಟ್ಯಾಂಕಿಯ ಒಳಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಮನೆಯ ನಲ್ಲಿಗಳನ್ನೆಲ್ಲ ಬಿಗಿ ಮಾಡಿ ಕುಳಿತ. ಎರಡು ಗಂಟೆಯಲ್ಲಿ ನೀರು ಗೆರೆಗಿಂತ ಎರಡು ಬೆರಳು ಇಳಿದಿತ್ತು.

ಮಾಳಿಗೆಯ ಮೇಲಿಂದಲೇ ಅವನ ಕಣ್ಣು ಪಕ್ಕದ ಹಿತ್ತಿಲಿಗೆ ಹೋಯಿತು. ಓಣಿಯ ಹಿತ್ತಿಲುಗಳೆಲ್ಲ ಬೂದಿಯಂತೆ ಒಣಗಿದ್ದರೆ, ಸೊಯ್ಲಾಳ ಮೆಣಸಿನಕಾಯಿ ಗಿಡ, ಕೊತ್ತಂಬರಿ, ಬಾಳೆ ಎಲ್ಲ ನಳನಳಿಸುತ್ತಿದ್ದವು.

ಸೊಯ್ಲಾ ಕ್ಷೌರದ ಕೆಲಸ ಮಾಡುತ್ತಿದ್ದ ಗಟ್ಟಿಗಿತ್ತಿ, ಅರವತ್ತು ದಾಟಿದ ವಿಧವೆ. ಇಬ್ಬರ ಹಿತ್ತಿಲಿಗೂ ಒಂದೇ ಗೋಡೆ. ಎಂಟು ವರ್ಷದ ಹಿಂದೆ ಎವೇಲಿಯೋ ತನ್ನ ಏಣಿ ಕಾಣದೆ ಹೋದಾಗ ಅವಳ ಗಂಡ ರಮೀರೋನ ಮೇಲೆ ಕಳ್ಳತನ ಹೊರಿಸಿದ್ದ. ಏಣಿ ಕಾರ್ಖಾನೆಯಲ್ಲೇ ಸಿಕ್ಕಿತು. ಅವನು ಕ್ಷಮೆ ಕೇಳುವಷ್ಟರಲ್ಲಿ ರಮೀರೋ ಹೃದಯ ನಿಂತು ಹೋಗಿಬಿಟ್ಟ. ಅಲ್ಲಿಂದೀಚೆಗೆ ಎರಡು ಮನೆಗಳ ನಡುವೆ ಮಾತಿಲ್ಲ.

"ಪೈಪಿಗೆ ಕೈ ಹಾಕಿದಾಳೆ," ಎಂದು ಅವನು ಕನೇಲಾಳಿಗೆ ಹೇಳಿದ. ನಾಯಿ ಬಾಲ ಅಲ್ಲಾಡಿಸಿತು.

ಮುಂದಿನ ಸಲ ನೀರು ಬಂದ ಬೆಳಿಗ್ಗೆ ಅವನು ಕುಡಿಯುವುದಕ್ಕೆ, ನಾಯಿ ಕೋಳಿಗಳಿಗೆ ಎಂದು ನಾಲ್ಕು ಬಕೆಟ್ ಬೇರೆ ಹಿಡಿದಿಟ್ಟ. ಉಳಿದ ನೀಲಿಯ ಪೊಟ್ಟಣಗಳನ್ನೆಲ್ಲ ಟ್ಯಾಂಕಿಗೆ ಸುರಿದು ಕೋಲಿನಿಂದ ಕದಡಿದ. ಆಮೇಲೆ ಮಾಳಿಗೆಯ ಮೇಲೆ, ಹುಲ್ಲಿನ ಟೋಪಿ ಹಾಕಿಕೊಂಡು, ಕೋಳಿಗೂಡು ರಿಪೇರಿ ಮಾಡುವವನಂತೆ ತಂತಿಜಾಲರಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ.

ಹನ್ನೊಂದರ ಹೊತ್ತಿಗೆ ಸೊಯ್ಲಾಳ ನಾಯಿ ಪೆರ್ಲಾ ಗೋಡೆಯ ಬುಡದ ತಂಪು ಬಿಟ್ಟೆದ್ದು ಬಿಸಿಲಿಗೆ ಬಂತು. ಹಾಲಿನಂಥ ಬಿಳಿಯ ನಾಯಿ. ಮೈ ಕೊಡವಿಕೊಂಡಿತು. ಅದರ ಹೊಟ್ಟೆ ಪೂರ್ತಿ ನೀಲಿ.

ಎವೇಲಿಯೋ ಜಾಲರಿ ಬಿಸಾಕಿ, ಮೆಟ್ಟಿಲಿಳಿದು, ಎಂಟು ವರ್ಷ ತುಳಿಯದ ಅವಳ ಹೊಸ್ತಿಲಿಗೆ ಹೋಗಿ ಬಾಗಿಲು ಬಡಿದ. ಬಾಗಿಲು ತೆರೆಯಿತು, ಅಂಗೈಯಗಲ. ಅಲ್ಲೂ ಸರಪಳಿ.

"ಸಿಕ್ಕಿಬಿದ್ರಿ! ನಿಮ್ಮ ನಾಯಿ ಹೊಟ್ಟೇನೇ ಸಾಕ್ಷಿ!" ಎಂದ ಎವೇಲಿಯೋ.

"ಓಹೋ, ನೀವಾ? ನಾನೇ ಬರೋಳಿದ್ದೆ," ಎಂದಳು ಸೊಯ್ಲಾ. "ಗೋಡೆ ಕೆಡವೋದು ಸಾಲ್ದು ಅಂತ ಈಗ ನನ್ನ ನಾಯಿಗೂ ವಿಷ ಹಾಕ್ತಿದೀರಾ?"

"ಯಾವ ಗೋಡೆ ಕೆಡವಿದೆ ನಾನು? ನೀರು ಕದಿಯೋರು ನೀವು!"

"ನಾನು ಕದಿಯೋದಾ! ಬನ್ನಿ ಒಳಗೆ. ಕಣ್ಣಾರೆ ನೋಡಿ. ಆದ್ರೆ ಯಾವುದನ್ನೂ ಮುಟ್ಬೇಡಿ."

ಅವಳು ಸರಪಳಿ ತೆಗೆದು, ಅವನನ್ನು ಮುಂದೆ ಬಿಟ್ಟುಕೊಂಡು ಹಿತ್ತಿಲಿಗೆ ನಡೆಸಿದಳು. ಗೋಡೆಯ ಬುಡದಲ್ಲಿ ಮೊಣಕಾಲೆತ್ತರದವರೆಗೆ ಗಾರೆ ಉದುರಿ, ಇಟ್ಟಿಗೆ ನೆನೆದ ಬಿಸ್ಕತ್ತಿನಂತಾಗಿತ್ತು. ಎರಡು ಇಟ್ಟಿಗೆಯ ಸಂದಿನಿಂದ ನೀಲಿ ನೀರು ಜಿನುಗುತ್ತಿತ್ತು. ಕೆಳಗೆ ಒಂದು ತಗಡಿನ ಬೋಗುಣಿ, ಪಕ್ಕದಲ್ಲಿ ಗಿಡಗಳಿಗೆ ಹೊತ್ತುಹಾಕುವ ತಂಬಿಗೆ. ಗೋಡೆಯ ಮೇಲೆ ಇದ್ದಿಲಿನಲ್ಲಿ ಎಳೆದ ಗೆರೆಗಳು, ಒಂದರ ಮೇಲೊಂದು.

"ಏನಿದು ಗೆರೆ?"

"ಒದ್ದೆ ಎಲ್ಲೀವರ್ಗೆ ಏರಿದೆ ಅಂತ ವಾರಕ್ಕೊಂದು ಗುರುತು. ನಾಕು ತಿಂಗಳಿಂದ. ಮೊದ್ಲು ಬರೀ ತೇವ, ಈಗೀಗ ಹೀಗೆ ಜಿನುಗ್ತಿದೆ. ನೀವು ಬೇಕೂಂತ್ಲೇ ನೀರು ಬಿಟ್ಟು ನನ್ನ ಗೋಡೆ ಬೀಳಿಸ್ತಿದೀರಾ ಅಂತ ನಂಗೊತ್ತಿತ್ತು. ಗೋಡೆ ಬಿದ್ರೆ ಹಿತ್ತಿಲು ಒತ್ತುವರಿ ಮಾಡ್ಬೋದಲ್ಲ."

ಎವೇಲಿಯೋ ಮಂಡಿಯೂರಿ ಸಂದಿಗೆ ಬೆರಳಿಟ್ಟ. ಗೋಡೆಯ ಆ ಮಗ್ಗುಲಲ್ಲಿ, ಸರಿಯಾಗಿ ಅದೇ ಎತ್ತರದಲ್ಲಿ, ಏನಿದೆಯೆಂದು ಅವನಿಗೆ ಗೊತ್ತಿತ್ತು. ಟ್ಯಾಂಕಿಯಿಂದ ಇಳಿದ ಪೈಪು ಅಡುಗೆಮನೆಗೆ ತಿರುಗುವ ಜಾಗ. ಅಲ್ಲಿನ ಜೋಡಣೆಗೆ ಹತ್ತು ವರ್ಷದ ಹಿಂದೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಸುತ್ತಿ, ಮೇಲೆ ಗಾರೆ ಮೆತ್ತಿದವನು ಅವನೇ. ಮನೆಯೆಲ್ಲ ತಡಕಿದ್ದ, ಅದೊಂದನ್ನು ಮಾತ್ರ ನೋಡಿರಲಿಲ್ಲ. ತನ್ನ ಕೈಕೆಲಸದ ಮೇಲೆ ಅನುಮಾನಪಡುವುದು ಅವನಿಗೆ ಹೊಳೆದೇ ಇರಲಿಲ್ಲ.

ಸಂದಿನಿಂದ ಬೆರಳು ತೆಗೆದು, ಅಂಟಿದ ನೀಲಿಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಹೇಳ್ಬಾರ್ದಿತ್ತಾ ನೀವು?" ಎಂದ.

"ಯಾರಿಗೆ? ಬಾಯಿ ಬಿಟ್ರೆ ಕಳ್ಳರು ಅನ್ನೋರಿಗಾ?"

"ರಮೀರೋಗೆ ನಾನು ಅಂದದ್ದು ತಪ್ಪು," ಎಂದ ಎವೇಲಿಯೋ, ಇಟ್ಟಿಗೆಯನ್ನೇ ನೋಡುತ್ತಾ. "ಏಣಿ ಕಾರ್ಖಾನೇಲೇ ಇತ್ತು. ಅವತ್ತೇ ಗೊತ್ತಾಯ್ತು. ಬಂದು ಹೇಳೋಣ ಅನ್ನೋಷ್ಟ್ರಲ್ಲಿ..."

ಸೊಯ್ಲಾ ನೀಲಿ ಹೊಟ್ಟೆಯ ನಾಯಿಯನ್ನು ಎತ್ತಿಕೊಂಡು ಒಳಗೆ ಹೋಗಿ, ಸ್ವಲ್ಪ ಹೊತ್ತಾದ ಮೇಲೆ ಒಂದು ಪುಟ್ಟ ಬಟ್ಟಲು ಕಾಫಿ ತಂದು ಅವನ ಪಕ್ಕದ ನೆಲದ ಮೇಲಿಟ್ಟಳು. ಅವನು ಒಂದು ಕ್ಷಣ ಆ ಕಾಫಿಯನ್ನು ಮೂಸಿ ನೋಡಿದ. ಅವಳೂ ಅದನ್ನು ನೋಡಿದಳು. ಅವನು ಕುಡಿದ.

ಮರುದಿನ ಅವನು ತನ್ನ ಕಡೆಯ ಗೋಡೆ ಒಡೆದು, ಕೊಳೆತ ರಬ್ಬರು ಕಿತ್ತು, ಹಿತ್ತಾಳೆಯ ಹೊಸ ಜೋಡಣೆ ಕೂರಿಸಿದ. ಆಮೇಲೆ ಸೊಯ್ಲಾಳ ಕಡೆಗೆ ಬಂದು ಕೊಳೆತ ಇಟ್ಟಿಗೆಗಳನ್ನು ಎರಡೆರಡಾಗಿ ತೆಗೆದು ಬದಲಿಸತೊಡಗಿದ. ಒಟ್ಟಿಗೆ ತೆಗೆದರೆ ಗೋಡೆ ಕುಸಿಯುತ್ತದೆ. ಅವಳು ಕುರ್ಚಿ ಹಾಕಿಕೊಂಡು ಎದುರಿಗೇ ಕುಳಿತಳು.

"ಮರಳು ಎಷ್ಟು ಬೋಗುಣಿ?"

"ಮೂರು. ಸಿಮೆಂಟು ಒಂದು."

"ಈಗ ಹಾಕಿದ್ದು ನಾಕನೇದು. ನಾನು ಎಣಿಸ್ತಿದೀನಿ."

ಎವೇಲಿಯೋ ಬೋಗುಣಿ ಮರಳನ್ನು ವಾಪಸು ತೆಗೆದ. ಪರರ ಮನೆಯಲ್ಲಿ, ಪರರ ಕಣ್ಣಿನ ಕೆಳಗೆ ಕೆಲಸ ಮಾಡುವುದು ಎಷ್ಟು ಕಷ್ಟವೆಂದು ಆ ಅರವತ್ತೆಂಟನೆಯ ವಯಸ್ಸಿನಲ್ಲಿ ಅವನಿಗೆ ಮೊದಲ ಸಲ ತಿಳಿಯಿತು.

ಗೋಡೆ ಒಣಗುವುದಕ್ಕೆ ಏಳು ವಾರ ಬೇಕಾಯಿತು. ಪೆರ್ಲಾಳ ಹೊಟ್ಟೆ ಬೆಳ್ಳಗಾಗುವುದಕ್ಕೂ ಹೆಚ್ಚುಕಡಿಮೆ ಅಷ್ಟೇ. ಎಂಟನೆಯ ವಾರ ಎವೇಲಿಯೋ ಸೊಯ್ಲಾಳನ್ನು ತನ್ನ ಮನೆಗೆ ಕರೆದು, ಮುಚ್ಚದೆ ಬಿಟ್ಟಿದ್ದ ಜೋಡಣೆಯನ್ನು ತೋರಿಸಿದ.

"ನೀವೇ ಮುಟ್ಟಿ ನೋಡಿ," ಎಂದ.

ಅವಳು ಪೈಪಿನ ಸುತ್ತ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದಳು. "ಒಣಗಿದೆ," ಎಂದಳು.

ಅವಳನ್ನು ಬಾಗಿಲವರೆಗೆ ಬಿಟ್ಟು ಬಂದು, ಎವೇಲಿಯೋ ಮತ್ತೆ ಮಂಡಿಯೂರಿ, ತಾನೂ ಒಮ್ಮೆ ಮುಟ್ಟಿ ನೋಡಿದ.