ಬರ್ಮಾ ಯುದ್ಧದಲ್ಲಿ ನಮ್ಮ ಬೀಗರು

ಗಜೇಂದ್ರಗಡದ ನಿರ್ಮಲಾಳ ಮನೆಯಲ್ಲಿ ಎರಡನೆಯ ಮಹಾಯುದ್ಧ ನಡೆಯುತ್ತಿದ್ದದ್ದು ಮಧ್ಯಾಹ್ನ ಕೂಸು ಮಲಗಿದ ಮೇಲೆ. ತೊಟ್ಟಿಲ ಹಗ್ಗ ಕಾಲ್ಬೆರಳಿಗೆ, ಲ್ಯಾಪ್‌ಟಾಪು ತೊಡೆಯ ಮೇಲೆ. ಬಸ್ಯಾ ಎದ್ದು ಅತ್ತನೆಂದರೆ ಕದನವಿರಾಮ. ಬೀಳುತ್ತಿದ್ದ ಬಾಂಬು ಗಾಳಿಯಲ್ಲೇ ನಿಂತು, ಅವಳು ಅವನ ಅಂಡು ತೊಳೆದು ಬರುವವರೆಗೆ ಕಾಯಬೇಕು.

ಅವಳು ಶಿರೋಳದ ಹುಡುಗಿ. ನರಗುಂದದಲ್ಲಿ ಕಾಲೇಜು ಕಲಿತು, ಇಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರ ಅರಿವೆ ಅಂಗಡಿ ಇಟ್ಟ ಸಂಗನಬಸವನನ್ನು ಮದುವೆಯಾಗಿ ಬಂದವಳು. ದಿನಪತ್ರಿಕೆಯಲ್ಲಿ ಅವಳ ಕಥೆ ನೋಡಿದ ಬೆಂಗಳೂರಿನ ಪ್ರಕಾಶಕರೊಬ್ಬರು ಕೆಲಸ ಕೊಟ್ಟಿದ್ದರು: ಟೀವಿ ಧಾರಾವಾಹಿಯೊಂದರ ನಾಯಕ ಕ್ಯಾಪ್ಟನ್ ವಿಹಾನನನ್ನು ಇಟ್ಟುಕೊಂಡು ಒಂದು ಕಾದಂಬರಿ. ಮುಂದಿನ ಶತಮಾನದ ವಿಹಾನ ಯಂತ್ರದೊಳಗೆ ಕೂತು ಬರ್ಮಾದ ಯುದ್ಧಕ್ಕೆ ಬಂದಿಳಿಯಬೇಕು. ಇತಿಹಾಸ ಬದಲಾಗಬಾರದು, ವಿಹಾನನ ಕೂದಲು ಕೆದರಬಾರದು. ಮುಖಪುಟದ ಮೇಲೆ ಅವನ ಫೋಟೋ, ಧಾರಾವಾಹಿಯ ಹೆಸರು. ಬರೆದವಳ ಹೆಸರು ಇಲ್ಲ.

ಅದೊಂದು ಅವಳಿಗೆ ಚುಚ್ಚುತ್ತಿತ್ತು. ಓಣಿಗೆ ಅವಳು ಬಸ್ಯಾನವ್ವ, ಅಂಗಡಿಗೆ ಸಂಗನಬಸವನ ಹೇಣ್ತಿ, ದವಾಖಾನೆಯಲ್ಲಿ ‘ಮಗುವಿನ ತಾಯಿ’. ಒಂದು ಪುಸ್ತಕದ ಮೇಲಾದರೂ ನಿರ್ಮಲಾ ಎಂದಿರಲಿ ಎಂಬ ಆಸೆ. ಕೇಳಿಯೂ ಇದ್ದಳು. “ನೋಡೋಣ ಮೇಡಂ” ಎಂದಿದ್ದರು ಪ್ರಕಾಶಕರು. ಸೀರೆ ಕೊಳ್ಳದೆ ಎದ್ದುಹೋಗುವ ಗಿರಾಕಿಗಳೂ ಹಾಗೇ ಅನ್ನುತ್ತಾರೆಂಬುದು ಅಂಗಡಿಯವನ ಹೆಂಡತಿಗೆ ಗೊತ್ತಿಲ್ಲವೇ?

ಬರೆದದ್ದನ್ನು ಸಂಜೆ ಓದಿ ಹೇಳುತ್ತಿದ್ದಳು. ಅತ್ತೆ ಮಾನವ್ವ ಶೇಂಗಾ ಸುಲಿಯುತ್ತ ಕೇಳುವಳು. ಪಕ್ಕದ ಮನೆಯ ಮೈಮುನಬಿ ಮಗ್ಗದಿಂದ ಎದ್ದುಬಂದು, ಸೊಂಟ ನೀವಿಕೊಳ್ಳುತ್ತ ಕೂರುವಳು. ಬರ್ಮಾ ಎಂದ ಕೂಡಲೇ ಮೈಮುನಬಿ, “ನಮ್ಮಜ್ಜ ಮಲಿಕಸಾಬ ಖರೇನ ಅಲ್ಲಿಗೆ ಹೋಗಿದ್ನವಾ. ಅವನ ಹೆಸರ ಒಂದೀಟ ಹಾಕವಾ” ಎಂದಳು. ನಿರ್ಮಲಾ ಖುಷಿಯಿಂದ ಮಲಿಕಸಾಬನ ಕೈಗೆ ಒಂದು ಮಿಲಿಟರಿ ಲಾರಿ ಕೊಟ್ಟಳು.

ಮಾನವ್ವನ ಶೇಂಗಾ ಅಲ್ಲಿಗೇ ನಿಂತಿತು.

“ಹಂಗಾರ ನಮ್ಮ ಪುರ್ತಗೇರಿ ಗುರುಸಂಗಪ್ಪ ಕಾಕಾ?”

“ಅವ್ರು ಯುದ್ಧಕ್ಕ ಹೋಗಿರಲಿಲ್ಲಲ್ರಿ ಅತ್ತಿ. ರೋಣ ದಾಟಿ ಹೋದೋರಲ್ಲಂತ ನೀವ ಹೇಳೀರಿ.”

“ನಿನ್ನ ಲಗ್ನಪತ್ರಿಕ್ಯಾಗ ಹೆಸರಿದ್ದೋರೆಲ್ಲಾ ಲಗ್ನಕ್ಕ ಬಂದಿದ್ರೇನ?”

ಅಚ್ಚಾಗುವ ಯಾವ ಕಾಗದಕ್ಕೂ ಆ ಮನೆಯಲ್ಲಿ ಒಂದೇ ಕಾನೂನು: ಒಬ್ಬರ ಹೆಸರು ಹಾಕಿದರೆ ಎಲ್ಲರದೂ ಹಾಕಬೇಕು. ನಿರ್ಮಲಾಳ ಲಗ್ನಪತ್ರಿಕೆಯಲ್ಲಿ ಹೆಸರು ಬಿಟ್ಟುಹೋಗಿದ್ದಕ್ಕೆ ಉಣ್ಣದೆ ಎದ್ದುಹೋದ ಸಂಗನಬಸವನ ಸೋದರತ್ತೆ ಇವತ್ತಿಗೂ ಈ ಮನೆಯ ನೀರು ಮುಟ್ಟಿಲ್ಲ. ಹಾಗಾಗಿ ಕಾಕಾ ಬರ್ಮಾಕ್ಕೆ ಹೊರಟ. ಅವನ ಬೆನ್ನಿಗೆ ಅಳಿಯಂದಿರು, ಷಡ್ಡಕರು, ಬೀಗರ ಬೀಗರು. ಯಾರನ್ನೂ ಸಾಯಿಸುವಂತಿಲ್ಲ, ಯಾರನ್ನೂ ಹಿಂದಿನ ಸಾಲಿನಲ್ಲಿ ನಿಲ್ಲಿಸುವಂತಿಲ್ಲ. ಜಪಾನಿನವರಿಗೆ ಗುಂಡು ಹೊಡೆಯಲು ವಿಹಾನನ ಸರದಿ ಬರುವುದೇ ಕಷ್ಟವಾಯಿತು.

ಮಾನವ್ವನಿಗಂತೂ ಕಾಲಯಾನ ಬಹಳ ಹಿಡಿಸಿತು. “ಭಾಳ ಚಲೋ ಮಷೀನ ನೋಡವಾ. ಹಿಂದಿನ ಕಾಲಕ್ಕ ಹೋದ್ರ ಎಲ್ಲಾರೂ ಇನ್ನೂ ಜೀವಂತ ಅದಾರ. ಹೆಸರಿನ ಮುಂದ ಲಿಂಗೈಕ್ಯ ಅಂತ ಹಾಕೂದ ಬ್ಯಾಡ.”

ಬರೆದು ಕಳಿಸಿದ್ದಾಯಿತು. ಒಂದು ದಿನ ಪ್ರಕಾಶಕರ ಕಡೆಯ ಸಂಪಾದಕನ ಫೋನು ಬಂತು. ಬಸ್ಯಾ ತೊಡೆಯ ಮೇಲಿದ್ದನೆಂದು ನಿರ್ಮಲಾ ಸ್ಪೀಕರ್ ಹಾಕಿದಳು.

“ಮೇಡಂ, ನಮ್ಮ ವಿಹಾನ್ ಎಲ್ಲಿ? ಪುಟ ತಿರುಗಿಸಿದಷ್ಟೂ ಕಾಕಾಗಳೇ ಬರ್ತಿದ್ದಾರೆ. ಈ ಜನರನ್ನೆಲ್ಲ ತೆಗೀರಿ, ಇಲ್ಲಾಂದ್ರೆ ಬೇರೆಯವರ ಕೈಲಿ ಬರೆಸ್ತೀವಿ.”

ಆದರೂ ನಿರ್ಮಲಾ ಕೇಳಿದಳು: “ತೆಗೀತೀನಿ ಸರ್. ನನ್ನ ಹೆಸರು...?”

“ಮುಖಪುಟದಲ್ಲಿ ಜಾಗ ಇಲ್ಲ ಮೇಡಂ.”

ಮಾನವ್ವ ಫೋನು ಕಸಿದುಕೊಂಡಳು. “ಯಾರ ಹೆಸರಿಗೆ ಜಾಗ ಇಲ್ರಿ? ಬರದಾಕಿ ಹೆಸರಿಗೆ? ಕರಿಯೋರ ಹೆಸರಿಲ್ಲದ ಪತ್ರಿಕಿ ಕೊಟ್ರ ಊಟಕ್ಕ ಯಾರ ಬರ್ತಾರ್ರಿ?”

“ಅಮ್ಮಾ, ಇದು ಮದುವೆ ಅಲ್ಲ.”

“ಮತ್ತ ಆ ಹುಡುಗನ್ನ ಮದುಮಗನ್ಹಂಗ ಸಿಂಗಾರ ಮಾಡಿ ಫೋಟೋ ಯಾಕ ಹಾಕೀರಿ?”

ಮಾನವ್ವ ದನಿ ಇಳಿಸಿದಳು. ಅಂಗಡಿಯಲ್ಲಿ ಕಡೆಯ ದರ ಹೇಳುವ ದನಿ. “ಹಿಂಗ ಮಾಡೂಣ್ರಿ. ನಮ್ಮ ಮಂದೀನೆಲ್ಲಾ ನಾ ವಾಪಸ್ ಕರಸ್ಕೋತೀನಿ. ಮೈಮುನಬಿ ಅಜ್ಜ ಒಬ್ಬಾಂವ ಇರ್ಲಿ, ಅಂವ ಖರೇನ ಹೋಗಿದ್ದ. ನಮ್ಮ ಸೊಸಿ ಹೆಸರ ಮ್ಯಾಲ ಬರ್ಲಿ. ಇಲ್ಲಾಂದ್ರ ನಾ ದಿನಾ ಫೋನ್ ಮಾಡ್ತೀನಿ, ನನಗೇನ ಕೆಲಸ ಐತಿ?”

“ಚಿಕ್ಕದಾಗಿ ಹಾಕ್ತೀವಿ” ಎಂದು ಸಂಪಾದಕ ಫೋನಿಟ್ಟ.

“ಕಾಕಾನ ಮನಿಯವ್ರು ಸಿಟ್ಟಾದ್ರ, ಅತ್ತಿ?” ಎಂದಳು ನಿರ್ಮಲಾ.

“ಆಗ್ಲಿ ಬಿಡು. ಉಣ್ಣದ ಹೋದೋರ ಜತಿ ಇವ್ರೂ ಕೂಡ್ತಾರ.”

ಹಾಗೆಂದಳು, ನಿಜ. ಆದರೆ ಅಂದು ರೊಟ್ಟಿ ಬಡಿಯುವ ಕೈಯ ಸದ್ದು ಮೆತ್ತಗಿತ್ತು. ನಿರ್ಮಲಾ ಗಮನಿಸಿದಳು. ಮರುದಿನ ಕೂಸು ಮಲಗಿದ ಮೇಲೆ ಅಳಿಯಂದಿರು, ಷಡ್ಡಕರು, ಬೀಗರೆಲ್ಲ ಯುದ್ಧದಿಂದ ಊರಿಗೆ ಮರಳಿದರು. ಸಂಪಾದಕ ತೆಗೆಯಹೇಳಿದ್ದು ಜನರನ್ನು ಮಾತ್ರ ಎಂಬುದನ್ನು ಅವಳು ಮರೆಯಲಿಲ್ಲ.

ಪುಸ್ತಕದ ಕಟ್ಟು ಬಸ್ಸಿನಲ್ಲಿ ಬಂತು. ವಿಹಾನನ ಬೂಟಿನ ಕೆಳಗೆ, ಇರುವೆಯಷ್ಟು ಅಕ್ಷರದಲ್ಲಿ ‘ನಿರ್ಮಲಾ’. ಅವಳು ಬೆರಳಿಟ್ಟು ನೋಡಿದಳು, ತೆಗೆದು ಮತ್ತೆ ಇಟ್ಟಳು. ಮಾನವ್ವ ಲಗ್ನಪತ್ರಿಕೆಗೆ ಹಚ್ಚುವ ಹಾಗೆ ಪುಸ್ತಕದ ಮೂಲೆಗೆಲ್ಲ ಅರಿಷಿಣ ಹಚ್ಚಿದಳು. ಮೊದಲನೆಯದು ಮುನಿದ ಸೋದರತ್ತೆಗೆ ಎಂದೂ ತೀರ್ಮಾನಿಸಿದಳು. ಆಮೇಲೆ ಎತ್ತಲೋ ನೋಡುತ್ತ ಕೇಳಿದಳು: “ಕಾಕಾ... ಪೂರಾ ಹೋದ್ನೇನ?”

ನಿರ್ಮಲಾ ಪುಟ ತೆಗೆದು ಓದಿದಳು: “ಬೆನ್ನ ಮೇಲೆ ಮದ್ದುಗುಂಡಿನ ಹೊರೆ ಹೊತ್ತ ಗುರುಸಂಗಪ್ಪ ಉಕ್ಕುವ ಹೊಳೆಗೆ ಮೊದಲು ಇಳಿದ. ಗುಂಡು ಹಾರಿದರೂ ಹಿಂದೆ ನೋಡಲಿಲ್ಲ.”

“ಶೂರ ಬಿಡವಾ ನಮ್ಮ ಕಾಕಾ!” ಮಾನವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಮುಂದ?”

“ಬಸ್ಯಾ ಎದ್ದಾನ್ರಿ ಅತ್ತಿ” ಎಂದು ನಿರ್ಮಲಾ ಪುಸ್ತಕ ಮುಚ್ಚಿದಳು. ಮುಂದಿನ ಸಾಲಿನಲ್ಲಿ, ಕಾಕಾನ ಹೆಸರು ಹೊತ್ತ ಆ ಹೇಸರಗತ್ತೆ ದಡಕ್ಕೆ ಹತ್ತಿ, ಕಿವಿ ಕೊಡವಿ, ಹುಲ್ಲು ಮೇಯತೊಡಗಿತ್ತು.