ಗಾಜಿನೊಳಗಿನ ಸುರಕ್ಷತೆ

ಭಾಂಡುಪ್‌ನ ನಮ್ಮ ವರ್ಕ್‌ಶಾಪಿನಲ್ಲಿ ತುಕ್ಕು ತೆಗೆಯಲು ಆ್ಯಸಿಡ್ ಬಳಸುತ್ತೇವೆ. ಅದು ಯಾವ ಆ್ಯಸಿಡ್, ಮೈಮೇಲೆ ಬಿದ್ದರೆ ಏನು ಮಾಡಬೇಕೆಂದು ತಿಳಿಸುವ ಸುರಕ್ಷತಾ ಹಾಳೆಯೂ ಇದೆ. ಮಾಲೀಕರಾದ ಶೇಟ್‌ಜಿ ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿ, ದೂರದ ಫೋರ್ಟ್‌ನ ತಮ್ಮ ಆಫೀಸಿನಲ್ಲಿ ಲಕ್ಷ್ಮಿಯ ಪಟದ ಪಕ್ಕ ತೂಗುಹಾಕಿದ್ದಾರೆ.

"ತಪಾಸಣೆಯವರು ಬರೋದು ಇಲ್ಲಿಗೇ ತಾನೆ?" ಎನ್ನುತ್ತಾರೆ. ನಿಜವೇ. ಆ್ಯಸಿಡ್ ಮಾತ್ರ ತಿಳಿವಳಿಕೆ ಸಾಲದೆ ನಮ್ಮಲ್ಲಿಗೆ ಬರುತ್ತದೆ.

ಮೊನ್ನೆ ಅದು ವಿಜಯಪುರದ ಹುಡುಗ ಮೆಹಬೂಬನ ಕಣ್ಣಿಗೆ ಸಿಡಿಯಿತು. ನಲ್ಲಿಯ ಕೆಳಗೆ ಅವನ ಕಣ್ಣು ತೊಳೆಸುತ್ತ ಮೊದಲು ದೇವರನ್ನು ನೆನೆದೆ, ಆಮೇಲೆ ಹಾಳೆಯಲ್ಲೇನಿದೆ ಎಂದು ಕೇಳಲು ಶೇಟ್‌ಜಿಗೆ ಫೋನು ಮಾಡಿದೆ.

"ಗಾಬರಿಯಾಗಬೇಡಿ, ಹಾಳೆ ಭದ್ರವಾಗಿದೆ. ಕ್ಯಾಬಿನ್‌ಗೆ ಬೀಗ ಹಾಕಿ ಈಗಷ್ಟೇ ಲೋಕಲ್ ರೈಲು ಹತ್ತಿದೆ" ಎಂದರು.

ಸಯನ್‌ನ ಆಸ್ಪತ್ರೆಯಲ್ಲಿ ಡಾಕ್ಟರು "ಯಾವ ಆ್ಯಸಿಡ್?" ಎಂದು ಕೇಳಿದರು. "ಹಳದಿ ಕ್ಯಾನಿನದು" ಎಂದೆ.

ದೇವರ ದಯೆ, ಕಣ್ಣು ಉಳಿಯಿತು. ಮರುದಿನ ಫೋರ್ಟಿಗೆ ಹೋಗಿ ಹಾಳೆಯನ್ನು ನಿಧಾನವಾಗಿ ಓದಿಕೊಂಡು ಬಂದು ಮೆಹಬೂಬನಿಗೆ ಹೇಳಿದೆ: "ಕಣ್ಣಿಗೆ ಬಿದ್ದರೆ ನೀರಿನಿಂದ ತೊಳೆದು, ಆ ಹಾಳೆಯನ್ನು ಡಾಕ್ಟರಿಗೆ ತೋರಿಸಬೇಕಂತೆ."

ಪಟ್ಟಿ ಕಟ್ಟಿದ್ದ ಕಣ್ಣು ಒತ್ತಿಕೊಂಡು ಅವನೆಂದ, "ಹಂಗಂದ್ರ ಡಾಕ್ಟರ್‌ನ್ನ ಲೋಕಲ್ ಹತ್ತಿಸಿ ಫೋರ್ಟಿಗೆ ಕರ್ಕೊಂಡು ಹೋಗಬೇಕಿತ್ತೇನ್ರೀ ಕಾಕಾ?"