ಬಂಡೆರಾಯ ತಡೆದ ಮಣ್ಣು

ಬೆಳ್ಮಣ್ಣಿನ ಸಿಲ್ವೆಸ್ಟರ್ ಮಥಾಯಸ್ ಹುಟ್ಟಿಸಿದ ಸೂಪರ್‌ಹೀರೋಗಳು ಒಟ್ಟು ಮೂವರು. ಮೂವರೂ ಮಕಾಡೆ ಮಲಗಿದರು. ಮೊದಲನೆಯವಳು ಮಿಂಚುಳ್ಳಿ ಎಂಬ ಹಾರುವ ಹುಡುಗಿ, ಆರೇ ವಾರಕ್ಕೆ ನೆಲ ಕಚ್ಚಿದಳು. ಎರಡನೆಯವನು ಕಡಿದ ಕೈ ಮತ್ತೆ ಚಿಗುರುವ ಹಲ್ಲಿಯಣ್ಣ. ಅವನನ್ನು ನೋಡಿ ಮಕ್ಕಳು ಊಟ ಬಿಡುತ್ತವೆ ಎಂದು ಮೂವರು ತಾಯಂದಿರು ಪತ್ರ ಬರೆದರು. ಆ ಮೂರು ಪತ್ರಗಳನ್ನೂ ಸಿಲ್ವೆಸ್ಟರ್ ಜೋಪಾನವಾಗಿ ಇಟ್ಟುಕೊಂಡಿದ್ದ, ಬೇರೆ ಪತ್ರಗಳೇ ಇರಲಿಲ್ಲವಲ್ಲ.

ಮಣಿಪಾಲದ ಒಂದು ಸಣ್ಣ ಪ್ರೆಸ್ಸಿನಲ್ಲಿ ಪುಟ ಅಂಟಿಸುವುದು ಅವನ ಕೆಲಸ. ಅಲ್ಲೇ ಅಚ್ಚಾಗುತ್ತಿದ್ದ ಮಕ್ಕಳ ವಾರಪತ್ರಿಕೆಯ ಕೊನೆಯ ಪುಟದ ಚಿತ್ರಕಥೆ ಅವನ ಸಾಮ್ರಾಜ್ಯ. ಸಂಪಾದಕರಾದ ಶೀನ ಮೇಸ್ಟ್ರು ಸಹನೆಯ ಮನುಷ್ಯ. ಕೊನೆಯ ಅವಕಾಶ ಎಂದು ತೊಂಬತ್ತೆಂಟರಲ್ಲಿ ಮೂರನೆಯವನಿಗೂ ಜಾಗ ಕೊಟ್ಟರು. ಅವನೇ ಬಂಡೆರಾಯ, ಕಾರ್ಕಳದ ಕರಿಕಲ್ಲಿನ ಮೈಯವನು. ಒಂದು ಗುದ್ದಿಗೆ ಲಾರಿ ಪುಡಿ. ಮಕ್ಕಳು ನಿಧಾನಕ್ಕೆ ಅವನತ್ತ ತಿರುಗುತ್ತಿದ್ದರು ಕೂಡ.

ಅಷ್ಟರಲ್ಲಿ ಈಸ್ಟರ್‌ಗೆ ಮೊದಲಿನ ನಲವತ್ತು ದಿನಗಳ ಉಪವಾಸ ಬಂತು. ಸಿಲ್ವೆಸ್ಟರನ ಮನೆಯಲ್ಲಿ ಆಗ ಮಾಂಸವಿಲ್ಲ, ಶೇಂದಿಯಿಲ್ಲ, ಯಾರ ಮೇಲೂ ಕೈ ಎತ್ತುವಂತಿಲ್ಲ. ಗುದ್ದಾಟದ ಚಿತ್ರ ಬರೆಯಲು ಕೂತರೆ ಅವನ ಕೈಯೇ ಏಳಲಿಲ್ಲ. ಹಾಗಾಗಿ ಬಂಡೆರಾಯನೂ ಹೊಡೆದಾಟ ಬಿಟ್ಟ. ಕುಸಿಯುತ್ತಿದ್ದ ಬಾವಿಯೊಂದಕ್ಕೆ ಇಳಿದು, ಒಳಗೆ ಸಿಕ್ಕಿಬಿದ್ದ ಮೂವರು ಹತ್ತಿಬರಲಿ ಎಂದು ಬೆನ್ನುಕೊಟ್ಟು ಮಣ್ಣು ತಡೆದು ನಿಂತುಬಿಟ್ಟ. ವಾರದ ಮೇಲೆ ವಾರ ಹೋಯಿತು, ನಿಂತೇ ಇದ್ದ. ನಾಲ್ಕು ವಾರಗಳಲ್ಲಿ ಇಬ್ಬರು ಮೇಲೆ ಬಂದಿದ್ದರು.

"ಎಂತ ಸಿಲ್ವೆಸ್ಟರ್, ನಿಮ್ಮ ಬಂಡೆರಾಯನಿಗೆ ಕೈ ಬಿದ್ದುಹೋಯಿತಾ?" ಎಂದರು ಮೇಸ್ಟ್ರು.

"ಉಪವಾಸ ಉಂಟಲ್ಲ ಮೇಸ್ಟ್ರೇ."

"ಅದು ನಿಮಗೆ. ಅವನಿಗೂ ಉಂಟಾ?"

"ಅವನು ನಮ್ಮ ಮನೆಯಲ್ಲೇ ಅಲ್ವಾ ಇರುವುದು?"

ಮೇಸ್ಟ್ರು ನಗಲಿಲ್ಲ. "ಮಕ್ಕಳು ಓದುವುದು ಬಿಟ್ಟಿದ್ದಾರೆ. ಒಂದು ವಾರ ಕೊಡ್ತೇನೆ, ಮುಗಿಸಿಬಿಡಿ."

ಸಿಲ್ವೆಸ್ಟರ್ ಮುಗಿಸಿದ. ಬಾವಿ ಕುಸಿದು ಬಂಡೆರಾಯನೂ ಮೂರನೆಯವನೂ ಮಣ್ಣಾಗುವ ಹಾಗೆ ಬರೆದು ಮೇಜಿನ ಮೇಲಿಟ್ಟ. ಐವತ್ತರ ಹೊಸ್ತಿಲಿನಲ್ಲಿದ್ದವನಿಗೆ ಇನ್ನೊಬ್ಬ ಹೀರೋ ಹುಟ್ಟುವುದಿಲ್ಲ ಎಂದು ಗೊತ್ತಿತ್ತು. ತುಂಬಾ ಬೇಜಾರಾಯಿತು.

ಪ್ರೆಸ್ಸಿನ ಹಿಂದೆ ದೊಡ್ಡ ಕಟ್ಟಡಕ್ಕೆ ಪಾಯ ತೋಡುತ್ತಿದ್ದರು. ಬಯಲುಸೀಮೆಯಿಂದ ಕೂಲಿಗೆ ಬಂದು ಅಲ್ಲಿನ ತಗಡಿನ ಶೆಡ್ಡಿನಲ್ಲಿದ್ದ ಹುಲಿಗೆವ್ವನಿಗೆ ಗೋಡೆಗೆ ಅಂಟಿಸಲು ರದ್ದಿ ಹಾಳೆ ಕೊಡುವುದು ವಾಡಿಕೆ. ಆ ಸಂಜೆ ಹಾಳೆ ಕೊಡಲು ಹೋದ ಸಿಲ್ವೆಸ್ಟರ್ ಬಾಗಿಲಲ್ಲೇ ನಿಂತ. ಒಳಗೆ ತಗಡಿನ ಮೇಲೆ, ಒಂದು ವಾರವೂ ತಪ್ಪದಂತೆ ಸಾಲಾಗಿ, ಬಾವಿಯಲ್ಲಿ ನಿಂತ ಬಂಡೆರಾಯ. ಎದುರಿಗೆ ಹುಲಿಗೆವ್ವನ ಗಂಡ ಮಾನಪ್ಪ ಕೂತು ನೋಡುತ್ತಿದ್ದ.

"ಜನವರಿಯಾಗ ಇವರು ಕುತ್ತಿಗಿಮಟ ಮಣ್ಣಾಗ ಹೋಗಿದ್ರೀ," ಎಂದಳು ಹುಲಿಗೆವ್ವ. "ಅವತ್ತಿಂದ ಗುಂಡಿಗೆ ಇಳಿಯಾಕ ವಲ್ಲರು. ಇಳೀದಿದ್ರ ಊರಿಗೆ ಹೋಗ್ರಿ ಅಂದಾನ ಮೇಸ್ತ್ರಿ."

ಮಾನಪ್ಪ ಚಿತ್ರದಿಂದ ಕಣ್ಣು ತೆಗೆಯಲಿಲ್ಲ. "ಇಬ್ಬರು ಬಂದಾರ. ಮೂರನೇದಾವ ಇನ್ನೂ ಕೆಳಗ ಅದಾನ. ನೀವು ಪ್ರೆಸ್‌ನ್ಯಾಗ ಇರೋರು, ನಿಮಗ ಗೊತ್ತಿರಬೇಕು. ಬರ್ತಾನೇನ್ರಿ?"

ತಾನೇ ಬರೆದವನು ಎಂದು ಸಿಲ್ವೆಸ್ಟರ್ ಹೇಳಲಿಲ್ಲ. ಹತ್ತು ವರ್ಷ ಗೀಚಿದ್ದು ಹೀಗೆ ಒಬ್ಬ ಮನುಷ್ಯನ ಉಸಿರಿನ ತನಕ ತಲುಪಬಹುದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಅವನಿಗೆ ತನ್ನ ಕೈ ನೋಡಿಕೊಳ್ಳಲೂ ಹೆದರಿಕೆಯಾಯಿತು.

ಓಡಿಹೋಗಿ ಮೇಜಿನ ಮೇಲಿದ್ದ ಪುಟ ಹರಿದ. ಹೊಸ ಪುಟದಲ್ಲಿ ಮೂರನೆಯವನನ್ನು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ತಂದ. ಅವಸರ ಮಾಡಲಿಲ್ಲ. ಬಂಡೆರಾಯನನ್ನು ಹೊರಗೆ ತರುವಷ್ಟು ಜಾಗ ಪುಟದಲ್ಲಿ ಉಳಿಯಲಿಲ್ಲ, ಮೇಸ್ಟ್ರು ಇನ್ನೊಂದು ವಾರ ಕೊಡಲೂ ಇಲ್ಲ. ಬಂಡೆರಾಯ ಎಲ್ಲಿ ಹೋದನೆಂದು ಕೇಳಿ ಒಂದು ಮಗುವೂ ಪತ್ರ ಬರೆಯಲಿಲ್ಲ.

ಪತ್ರಿಕೆ ಹೊರಬಂದ ಮರುದಿನ ಬೆಳಿಗ್ಗೆ ಬಸ್ಸಿಳಿದು ಬರುವಾಗ ಹುಲಿಗೆವ್ವ ಪಾಯದ ಅಂಚಿನಲ್ಲಿ ನಿಂತಿದ್ದಳು.

"ಮೂರನೇದಾವ ಬಂದ್ನಲ್ರೀ," ಎಂದಳು ಮೆಲ್ಲಗೆ. "ಇವರು ಇಳದಾರ."

ಸಿಲ್ವೆಸ್ಟರ್ ಬಗ್ಗಿ ನೋಡಿದ. ಎರಡಾಳು ಆಳದಲ್ಲಿ ಮಾನಪ್ಪನ ಗುದ್ದಲಿ ಏಳುತ್ತಿತ್ತು, ಬೀಳುತ್ತಿತ್ತು. ಸುತ್ತ ಹಸಿ ಕೆಂಪು ಮಣ್ಣಿನ ಗೋಡೆ, ಅದಕ್ಕೆ ಒಂದು ಹಲಗೆಯ ಆಸರೆಯೂ ಇಲ್ಲ. ತಾನು ಬರೆದ ಒಂದು ಪುಟವನ್ನು ನಂಬಿ ಈ ಮನುಷ್ಯ ಇಲ್ಲಿ ಇಳಿದಿದ್ದಾನೆ.

ಅಂದು ಪ್ರೆಸ್ಸಿನವರು ಎರಡು ಸಲ ಕರೆಕಳಿಸಿದರು. ಸಿಲ್ವೆಸ್ಟರ್ ಹೋಗಲಿಲ್ಲ. ಮಧ್ಯಾಹ್ನ ಮಾನಪ್ಪ ಊಟಕ್ಕೆ ಮೇಲೆ ಹತ್ತಿ ಬರುವವರೆಗೂ ಆ ಮಣ್ಣಿನ ಗೋಡೆಯ ಮೇಲಿಟ್ಟ ಕಣ್ಣು ತೆಗೆಯದೆ ಅಲ್ಲೇ ನಿಂತಿದ್ದ.